ಉಳಿದುಹೋದ ಒಂದು ರೋಲರು

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ, ತಂದೆಯವರು ಬಿಟ್ಟುಹೋದ ಜೀಪು ಅಂಗಳದಲ್ಲಿ ನಿಂತಿತ್ತು. ವಿಲ್ಲೀಸ್ ಕಂಪನಿಯು 1953ರಲ್ಲಿ ಹೊರತಂದ ಸಿಜೆ-3ಬಿ ಮಾದರಿಯನ್ನು ಮಹೀಂದ್ರಾದವರು ಪರವಾನಗಿ ಪಡೆದು ನಮ್ಮ ದೇಶದಲ್ಲಿ ತಯಾರಿಸಿದ ಜೀಪು ಅದು. ಎರಡನೆಯ ಗೇರಿಗೆ ಹಾಕಿದಾಗಲೆಲ್ಲ ಕರಕರ ಸದ್ದು. 'ಇದು ನಿನ್ನ ಒರಟು ಕೈಯ ಫಲ' ಎಂದು ತಂದೆಯವರಂತೆ ನಾನೂ ತಮ್ಮನನ್ನು ಬಹುಕಾಲ ದೂರಿದ್ದುಂಟು.

ಇಬ್ಬರೂ ಸೇರಿ ಗೇರ್‌ಬಾಕ್ಸನ್ನು ಕೆಳಗಿಳಿಸಿ, ಎಣ್ಣೆ ಬಸಿದು ಬಿಚ್ಚಿದೆವು. ತಿರುಗುವ ಎರಡು ಭಾಗಗಳ ವೇಗವನ್ನು ಮೊದಲು ಸಮಗೊಳಿಸಿ, ಬಳಿಕವಷ್ಟೇ ಹಲ್ಲುಗಳು ಕೂಡುವಂತೆ ಮಾಡುವುದು ಹಿತ್ತಾಳೆಯ ಸಿಂಕ್ರೊ ಉಂಗುರದ ಕೆಲಸ. ಅದರ ಒಳಗೆರೆಗಳು ಪೂರ್ತಿ ಸವೆದಿದ್ದವು. ಆ ಸವೆತದಲ್ಲಿ ತಂದೆಯವರ ಕೈಗೂ ನನ್ನ ಕೈಗೂ ಪಾಲಿತ್ತು. ತಮ್ಮನು ಉಂಗುರವನ್ನು ನನ್ನ ಅಂಗೈಯಲ್ಲಿಟ್ಟನು, ಮಾತನಾಡಲಿಲ್ಲ.

ಹೊಸ ಉಂಗುರ ಹಾಕಿ, ಸೂಜಿಯಂತಹ ರೋಲರುಗಳನ್ನು ಗ್ರೀಸಿನಲ್ಲಿ ಅಂಟಿಸಿ ಸಾಲಾಗಿ ಕೂರಿಸಿದೆ. ಸಂಜೆ ಮುಚ್ಚಳ ಬಿಗಿದ ಮೇಲೆ ನೋಡಿದರೆ, ತಟ್ಟೆಯಲ್ಲಿ ಒಂದು ರೋಲರು ಉಳಿದಿತ್ತು! ತಪ್ಪು ನನ್ನದೇ. ಹಾಗೆಯೇ ಬಿಟ್ಟರಾಯಿತೆಂದು ಮನಸ್ಸು ಪಿಸುಗುಟ್ಟಿತು. ತಮ್ಮನು ಗದರಲಿಲ್ಲ. "ನಾಳೆ ಮತ್ತೆ ಬಿಚ್ಚೋಣ ಬಿಡಣ್ಣ" ಎಂದನು. ನಾನು ನಾಚಿದೆ. ಅವನ ತಪ್ಪನ್ನು ನಾನೆಂದಾದರೂ ಇಷ್ಟು ಹಗುರವಾಗಿ ಹೊತ್ತಿದ್ದೆನೆ?

ಮರುದಿನ ಅವನು ಎಣಿಸಿ ಕೊಟ್ಟನು, ನಾನು ಕೂರಿಸಿದೆ. ಎರಡನೆಯ ಗೇರು ಸದ್ದಿಲ್ಲದೆ ಬಿದ್ದಿತು. ಈ ಜೀಪಿನ ಮೊದಲನೆಯ ಗೇರಿಗೆ ಅಂತಹ ಉಂಗುರವೇ ಇಲ್ಲ. ಗಾಡಿ ಪೂರ್ತಿ ನಿಂತ ಮೇಲೆ ಹಾಕುವುದೇ ಲೇಸು. ಪ್ರಿಯ ಓದುಗರೇ, ಮನೆಯವರನ್ನು ದೂರುವ ಮುನ್ನ ನಾವೂ ಹಾಗೆ ಒಮ್ಮೆ ನಿಲ್ಲಬಹುದಲ್ಲವೇ?