ದಿಲ್ಲಿಯಲ್ಲಿ ಗರುಡದರ್ಶನ

ನಮ್ಮ ತಾಯಿಯವರು ಊರು ಬಿಟ್ಟು ದಿಲ್ಲಿಗೆ ಬಂದು ನಮ್ಮೊಡನೆ ನೆಲೆಸಿದ ಮೊದಲ ತಿಂಗಳು ಮತ್ತೆ ಮತ್ತೆ ಕೇಳುತ್ತಿದ್ದ ಪ್ರಶ್ನೆ ಒಂದೇ: "ಇಲ್ಲಿ ಗರುಡ ಹಾರುವುದಿಲ್ಲವೇನೋ?" ಊರಿನಲ್ಲಾದರೆ ಕೆರೆ ಏರಿಯ ಮೇಲೆ ಗರುಡ ಕಂಡೊಡನೆ ಕೈಮುಗಿದು, ಕೆನ್ನೆ ತಟ್ಟಿಕೊಂಡ ಮೇಲೆಯೇ ಅವರ ಮುಂದಿನ ಕೆಲಸ. ಇಲ್ಲಿ ಸರಕಾರಿ ವಸತಿಯ ಎರಡನೆಯ ಮಹಡಿ. ನೆರೆಯವರ ಭಾಷೆ ಬಾರದು. ನೋಡಲು ಉಳಿದದ್ದು ಆಕಾಶವೊಂದೇ. ಅಲ್ಲಿಯೂ ಪರಿಚಿತರಿಲ್ಲವೆಂದರೆ ಬೇಸರವಾಗದಿದ್ದೀತೆ?

ನಾವು ಗುಮಾಸ್ತರು, ಕಡತದಿಂದ ತಲೆಯೆತ್ತಿ ಮೇಲೆ ನೋಡಿದವರಲ್ಲ. ತಾಯಿಯವರ ಸಲುವಾಗಿ ನೋಡತೊಡಗಿದೆವು. ನೋಡಿದರೆ ಏನು? ತಲೆಯ ಮೇಲೆಲ್ಲ ಹದ್ದುಗಳೇ! ಹದ್ದುಗಳು ಇಷ್ಟು ಒತ್ತಾಗಿ ಬಾಳುವ ನಗರ ಜಗತ್ತಿನಲ್ಲೇ ವಿರಳವಂತೆ. ತಾಯಿಯವರಿಗೆ ಮಾತ್ರ ಸಮಾಧಾನವಿಲ್ಲ. "ಇದು ಮಗುವಿನ ಕೈಯ ಚಪಾತಿ ಕಸಿದ ಕಳ್ಳ. ಇದಕ್ಕೆ ಯಾರು ಕೈಮುಗಿಯುತ್ತಾರೆ?" ಎಂದುಬಿಟ್ಟರು.

ಗುರುತಿಸುವುದು ಕಷ್ಟವಲ್ಲ. ಬಾಲದ ತುದಿ ನಡುವೆ ತಗ್ಗಾಗಿ ಕವಲೊಡೆದಿದ್ದರೆ ಹದ್ದು, ದುಂಡಗಿದ್ದರೆ ಗರುಡ. ಹದ್ದಿನ ಮೈಯೆಲ್ಲ ಕಂದು. ಗರುಡನಿಗೆ ತಲೆ, ಎದೆ ಬಿಳುಪು, ರೆಕ್ಕೆ ಇಟ್ಟಿಗೆಗೆಂಪು. ಗರುಡನಿಗೆ ನೀರಿನ ಆಸರೆ ಬೇಕು. ಆದ್ದರಿಂದಲೇ ಮುಂಬಯಿಯ ಬಂದರುಗಳಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಕಾಣುವ ಪಕ್ಷಿ ದಿಲ್ಲಿಯಲ್ಲಿ ಅಪರೂಪ.

ಒಂದು ಚಳಿಗಾಲದ ಭಾನುವಾರ ಮಕ್ಕಳೊಡನೆ ಜುಮ್ಮಾ ಮಸೀದಿಯ ಕಡೆ ಹೋದೆವು. ಅಲ್ಲಿ ಭಕ್ತರು ಸದಕಾ ಎಂದು ಮಾಂಸದ ಚೂರುಗಳನ್ನು ಮೇಲಕ್ಕೆ ಎಸೆಯುತ್ತಾರೆ. ಹದ್ದುಗಳು ಸುತ್ತಿ ಇಳಿದು ಗಾಳಿಯಲ್ಲಿಯೇ ಉಗುರಿನಿಂದ ಹಿಡಿಯುತ್ತವೆ. ಸಸ್ಯಾಹಾರಿಗಳಾದ ನಾವು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಅರ್ಧ ಗಂಟೆ ನಿಂತೆವು! ಆ ಗುಂಪಿನಲ್ಲಿ ಚಳಿಗಾಲಕ್ಕೆ ಬಂದ ಅತಿಥಿಗಳೂ ಇರುತ್ತವೆ. ಹದ್ದುಗಳ ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ಬಿಟ್ಟ ವಿದ್ವಾಂಸರು, ಅವು ಹಿಮಾಲಯ ದಾಟಿ ಮಧ್ಯ ಏಷ್ಯದವರೆಗೂ ಹೋಗುವುದನ್ನು ಕಂಡಿದ್ದಾರೆ. ವರ್ಗಾವಣೆಯ ಆಜ್ಞೆಯಿಲ್ಲ, ಪ್ರಯಾಣ ಭತ್ಯೆಯಿಲ್ಲ. ಆದರೂ ವರ್ಷ ವರ್ಷವೂ ಬರುತ್ತವೆ.

ಲೋಧಿ ಉದ್ಯಾನದಲ್ಲಿ ಕಾಣಬೇಕಾದದ್ದು ಬಿಜ್ಜು. ಗಾತ್ರ ಪಾರಿವಾಳದಷ್ಟೆ, ಬೆನ್ನು ಬೂದಿ, ಎದೆಯ ಮೇಲೆ ಅಡ್ಡಗೆರೆ. ಅದನ್ನು ಹುಡುಕಬಾರದು, ಅಳಿಲುಗಳನ್ನು ಕೇಳಬೇಕು. ಅವು ಒಮ್ಮೆಲೆ ಚೀರಾಡತೊಡಗಿದರೆ ಹತ್ತಿರದ ಕೊಂಬೆಯನ್ನು ನೋಡಿರಿ.

ರಣಹದ್ದುಗಳ ಕತೆ ಬೇರೆ. ಒಂದು ಕಾಲಕ್ಕೆ ದಿಲ್ಲಿಯಲ್ಲಿ ಹಿಂಡುಹಿಂಡಾಗಿದ್ದವು. ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ, ಸತ್ತ ದನದ ಮಾಂಸದೊಡನೆ ಹೊಟ್ಟೆಗಿಳಿದು ಅವುಗಳ ಮೂತ್ರಪಿಂಡವನ್ನು ಕೆಡಿಸಿತು. ಕಾರಣ ತಿಳಿದದ್ದು 2004ರಲ್ಲಿ. ದನಗಳಿಗೆ ಆ ಔಷಧವನ್ನು ನಿಷೇಧಿಸಿದ್ದು 2006ರಲ್ಲಿ. ಅಷ್ಟರಲ್ಲಿ ಬಹುಪಾಲು ಹೋಗಿಯೇ ಬಿಟ್ಟಿದ್ದವು. ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಸಾರಿದ್ದು ಈ ಅಳಿವಿನ ನಂತರವೇ.

ಕಳೆದ ವರ್ಷ ಆಗಸ್ಟ್ 15ರಂದು ಊರೆಲ್ಲ ಗಾಳಿಪಟ. ಸಂಜೆ ಒಗೆದ ಬಟ್ಟೆ ತರಲು ಮಾಳಿಗೆಗೆ ಹೋದ ತಾಯಿಯವರು ನಮ್ಮನ್ನು ಕೂಗಿದರು. ನೀರಿನ ತೊಟ್ಟಿಯ ಬದಿಗೆ ಒಂದು ಹದ್ದು ಬಿದ್ದಿತ್ತು. ರೆಕ್ಕೆಗೆ ಮಾಂಜಾ ದಾರ ಸುತ್ತಿ ಎಲುಬಿನವರೆಗೂ ಕೊಯ್ದಿತ್ತು. ದಿಲ್ಲಿಯಲ್ಲಿ ನೈಲಾನ್ ಮಾಂಜಾಕ್ಕೆ 2017ರಿಂದಲೇ ನಿಷೇಧವಿದೆ. ಆದರೂ ದಾರ ಬಂದಿತ್ತು. ನಾವು ಮುಟ್ಟಲು ಅಂಜಿದೆವು. ತಾಯಿಯವರು ತಮ್ಮ ಹಳೆಯ ಸೀರೆಯನ್ನು ಅದರ ಮೇಲೆ ಹೊದಿಸಿದರು. ಕತ್ತಲಾದೊಡನೆ ಹಕ್ಕಿ ಸುಮ್ಮನಾಯಿತು.

ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ರಾತ್ರಿಯೇ ವಜೀರಾಬಾದಿಗೆ ಒಯ್ದೆವು. ಅಲ್ಲಿ ಗಾಯಗೊಂಡ ಹದ್ದುಗಳಿಗೆ ಶುಶ್ರೂಷೆ ಮಾಡುವ ಸೋದರರಿದ್ದಾರೆ; 2022ರಲ್ಲಿ ಬಂದ 'ಆಲ್ ದಟ್ ಬ್ರೀದ್ಸ್' ಚಿತ್ರ ಅವರನ್ನು ಕುರಿತದ್ದೇ. ಹಕ್ಕಿ ಬದುಕೀತು, ಹಾರುವುದು ಮಾತ್ರ ಹೇಳಲಾಗದು ಎಂದು ತಿಳಿಯಿತು.

ತಾಯಿಯವರು ಎರಡು ತಿಂಗಳು ದಿನವೂ ವಿಚಾರಿಸಿದರು. ಕೊನೆಗೆ ಅದು ಹಾರಲಿಲ್ಲವೆಂದು ಗೊತ್ತಾಯಿತು, ಅಲ್ಲಿಯೇ ಉಳಿದಿದೆ. ಆ ದಿನ ಅವರು ಊಟ ಮಾಡಲಿಲ್ಲ.

ಈಗಲೂ ಬೆಳಿಗ್ಗೆ ಮಾಳಿಗೆಯ ಮೇಲೆ ನಿಂತು ಬಾಲ ದುಂಡಗಿದೆಯೋ ಕವಲಾಗಿದೆಯೋ ಎಂದು ಹುಬ್ಬಿಗೆ ಕೈಹಿಡಿದು ನೋಡುತ್ತಾರೆ. ಕೈಮುಗಿಯುವುದು ಮಾತ್ರ ಬಾಲ ನೋಡುವುದಕ್ಕೆ ಮೊದಲೇ. ಮಕ್ಕಳಿರುವ ಮನೆಯವರಲ್ಲಿ ನಮ್ಮದೊಂದು ಬಿನ್ನಹ: ಗಾಳಿಪಟಕ್ಕೆ ಬರಿಯ ಹತ್ತಿಯ ದಾರ ಸಾಕು.