ಬೇಲಿ ತೊಂಡೆ ಮತ್ತು ನನ್ನ ಶುಗರ್ರು

ನಿನ್ನೆ ರಾಗಿ ಹೊಲದ ಬೇಲಿ ಸವರುವಾಗ ಕಾಡುತೊಂಡೆ ಬಳ್ಳಿಯನ್ನ ಮಾತ್ರ ಹಾಗೇ ಬಿಟ್ಟೆ. ನಮ್ಮವ್ವ ಇದರ ಚಿಗುರನ್ನ ಅಣ್ಣೆ, ಕನ್ನೆ ಜೊತೆ ಬೆರಕೆಸೊಪ್ಪಿನ ಸಾರಿಗೆ ಹಾಕ್ತಿದ್ದಳು. ಈಗ ಊರಲ್ಲಿ ಇದಕ್ಕೆ ಶುಗರ್ ಔಷಧಿ ಅಂತಲೇ ಹೆಸರು. ಹೋದ ವಾರ ಮೂರು ಜನ ಎಲೆ ಕೇಳಿಕೊಂಡು ಬಂದರು. ಅದಕ್ಕೇ ಇದನ್ನ ಬರೀತಿದ್ದೀನಿ.

ಮೂರು ವರ್ಷದ ಹಿಂದೆ ನನಗೆ ಶುಗರ್ ಅಂತ ಗೊತ್ತಾಯ್ತು. ಮಾತ್ರೆ ಕೊಟ್ರು. ಯಾರೋ ಹೇಳಿದ್ರು ಅಂತ ದಿನಾ ಬೆಳಗ್ಗೆ ಒಂದು ಹಿಡಿ ತೊಂಡೆ ಎಲೆ ಅರೆದು ರಸ ಕುಡಿಯೋಕೂ ಶುರು ಮಾಡಿದೆ. ತಿಂಗಳಲ್ಲಿ ಖಾಲಿ ಹೊಟ್ಟೆ ಶುಗರ್ 170ರಿಂದ 130ಕ್ಕೆ ಇಳೀತು. ಎಲೆಯೇ ಸಾಕು ಅಂತ ಮಾತ್ರೆ ಬಿಟ್ಟೆ. ಮೀಟರ್ ಕೂಡ ಅಟ್ಟ ಸೇರಿತು.

ಮಾಘದಲ್ಲಿ ಕಾಲಿಗೆ ಜಾಲಿ ಮುಳ್ಳು ಚುಚ್ಚಿತು. ಗಾಯ ಮಾಯಲೇ ಇಲ್ಲ. ಆಸ್ಪತ್ರೆಯಲ್ಲಿ ನೋಡಿದ್ರೆ ಶುಗರ್ 340. ಎಲೆ ರಸ ಒಂದು ದಿನವೂ ತಪ್ಪಿಸಿರಲಿಲ್ಲ. ಎಡಗಾಲಿನ ಕಿರುಬೆರಳು ತೆಗೆಸಬೇಕಾಯ್ತು.

ಡಾಕ್ಟರು ಒಂದೇ ಮಾತು ಕೇಳಿದ್ರು: "ಆ ತಿಂಗಳು ಎಲೆ ಬಿಟ್ಟು ಇನ್ನೇನು ಬದಲಾಗಿತ್ತು?" ಮಾತ್ರೆ ತಗೋತಿದ್ದೆ, ಅನ್ನ ಕಡಿಮೆ ಮಾಡಿದ್ದೆ, ರಾಗಿ ಕೊಯ್ಲು ಅಂತ ದಿನವೆಲ್ಲಾ ಮೈಮುರಿಯೋ ಕೆಲಸ. ಹೊಸ ಗೊಬ್ಬರ ತಂದ್ರೆ ನಾವು ನಾಲ್ಕು ಸಾಲಿಗೆ ಹಾಕದೆ ಬಿಟ್ಟು ಹೋಲಿಸಿ ನೋಡ್ತೀವಿ. ನನ್ನ ಮೈ ವಿಷಯದಲ್ಲಿ ಅಷ್ಟು ಬುದ್ಧಿಯೂ ಓಡಲಿಲ್ಲ.

ಹಾಗಂತ ತೊಂಡೆಯಲ್ಲಿ ಗುಣ ಇಲ್ಲ ಅಂತಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಮಾಡಿದ ಪರೀಕ್ಷೆ 2008ರಲ್ಲಿ ಪ್ರಕಟವಾಗಿದೆ. ಹೊಸದಾಗಿ ಶುಗರ್ ಕಂಡ, ಪಥ್ಯ-ನಡಿಗೆಯಲ್ಲೇ ನಿಭಾಯಿಸಬಹುದಾದ 60 ಜನ. ಕೆಲವರಿಗೆ ದಿನಕ್ಕೆ 1 ಗ್ರಾಂ ತೊಂಡೆ ಸಾರ, ಉಳಿದವರಿಗೆ ಔಷಧವೇ ಇಲ್ಲದ ಹುಸಿ ಗುಳಿಗೆ. ಯಾರಿಗೆ ಯಾವುದು ಅಂತ ಕೊಟ್ಟವರಿಗೂ ಗೊತ್ತಿರಲಿಲ್ಲ. ನಮ್ಮ ಗೊಬ್ಬರ ಹಾಕದ ಸಾಲಿನ ಲೆಕ್ಕವೇ ಅದು. 90 ದಿನಕ್ಕೆ ಸಾರ ತಗೊಂಡವರ ಖಾಲಿ ಹೊಟ್ಟೆ ಶುಗರ್ ಶೇ. 16, ಊಟದ ನಂತರದ್ದು ಶೇ. 18 ಇಳಿದಿತ್ತು.

ಒಳ್ಳೇದೇ. ಆದ್ರೆ ಅದು ಆಲ್ಕೋಹಾಲಿನಲ್ಲಿ ತೆಗೆದು ತೂಕ ಮಾಡಿ ಕೊಟ್ಟ ಸಾರ. ನಾನು ಕುಡಿದದ್ದು ಕೈಗೆ ಸಿಕ್ಕಷ್ಟು ಎಲೆ. ಅದೇ ಲೆಕ್ಕ ಹಿಡಿದರೂ ನನ್ನ 340 ಇಳಿದು ನಿಲ್ಲೋದು 285ರ ಹತ್ತಿರ. ಅಷ್ಟಿದ್ರೆ ಗಾಯ ಮಾಯುತ್ತಾ?

ಈಗ ಮಾತ್ರೆ ತಪ್ಪಿಸಲ್ಲ. ವಾರಕ್ಕೆರಡು ಸಲ ತೊಂಡೆ ಚಿಗುರು ಸಾರಿಗೆ ಬೀಳುತ್ತೆ. ಡಾಕ್ಟರಿಗೂ ಹೇಳಿದ್ದೀನಿ. ಮಾತ್ರೆ ಜೊತೆ ರಸಾನೂ ಕುಡಿದು ಶುಗರ್ ತೀರಾ ಇಳಿದ್ರೆ ಬೆವರು, ನಡುಕ ಬಂದು ಹೊಲದಲ್ಲೇ ಬೀಳ್ತೀವಿ.

ಎಲೆ ಬೇಕಾದವರು ಬನ್ನಿ, ಬೇಲಿ ತುಂಬಾ ಇದೆ. ಮಾತ್ರೆ ಬಿಡ್ತೀನಿ ಅನ್ನೋರಿಗೆ ಮಾತ್ರ ಮೊದಲು ಚಪ್ಪಲಿ ಬಿಚ್ಚಿ ನನ್ನ ಕಾಲು ತೋರಿಸ್ತೀನಿ.