ರಿಪೇರಿ ಆದ್ಮೇಲೆ ಆಯಿಲ್ ಲೈಟ್ ಹತ್ತಿದ್ರೆ

ಈ ಸಲ ಬೆಳೆ ವಿಷಯ ಅಲ್ಲ, ಗಾಡಿ ವಿಷಯ. ಸ್ವಲ್ಪ ಉದ್ದ ಇದೆ. ಪಿಕಪ್, ಟ್ರ್ಯಾಕ್ಟರ್ ಇಟ್ಕೊಂಡಿರೋರು ಪೂರ್ತಿ ಓದಿ.

ತರಕಾರಿ ಹಾಕೋ ನಮ್ಮ ಹಳೇ ಪಿಕಪ್ ಹೊಗೆ ಜಾಸ್ತಿ ಬಿಡ್ತಾ ಇತ್ತು, ಆಯಿಲ್ ಕುಡೀತಾ ಇತ್ತು. ಮೇ ತಿಂಗಳಲ್ಲಿ ಇಂಜಿನ್ ಬಿಚ್ಚಿಸಿದೆ. ಪಿಸ್ಟನ್, ರಿಂಗ್, ಲೈನರ್ ಹೊಸದು. ಕ್ರ್ಯಾಂಕ್ ಪೀಣ್ಯಕ್ಕೆ ತಗೊಂಡು ಹೋಗಿ ಗ್ರೈಂಡಿಂಗ್ ಮಾಡಿಸಿ, ಹತ್ತು ಥೌ, ಅಂದ್ರೆ 0.25 ಮಿ.ಮೀ. ಅಂಡರ್‌ಸೈಜ್ ಬೇರಿಂಗ್ ಹಾಕಿಸಿದ್ದಾಯ್ತು. ಒಟ್ಟು 52,000 ರೂಪಾಯಿ. ಗಾಡಿ ಚೆನ್ನಾಗೇ ಓಡ್ತು.

ಒಂದು ತಿಂಗಳಾದ್ಮೇಲೆ ಕೆಳಗೆ ಸಂಪ್ ಜಾಯಿಂಟಲ್ಲಿ ಆಯಿಲ್ ಜಿನುಗೋಕೆ ಶುರು. ಮೆಕ್ಯಾನಿಕ್ ಹುಡುಗನಿಗೆ ಫೋನ್ ಮಾಡಿದ್ರೆ, "ತಗೊಂಡ್ ಬನ್ನಿ ಅಣ್ಣಾ, ಹೊಸ ಪ್ಯಾಕಿಂಗ್ ಹಾಕ್ಕೊಡ್ತೀನಿ" ಅಂದ. ಇಷ್ಟಕ್ಕೆಲ್ಲ ಒಂದು ದಿನ ಯಾಕೆ ಹಾಳು ಮಾಡೋದು ಅಂತ ಭಾನುವಾರ ನಾನೇ ಜಾಕ್ ಕೊಟ್ಟು, ದಿಮ್ಮಿ ಇಟ್ಟು, ಸಂಪ್ ಬಿಚ್ಚಿ, ಪೇಸ್ಟ್ ಹಾಕಿ ಕೂರಿಸಿದೆ. ಸೋರೋದು ನಿಂತೇ ಹೋಯ್ತು.

ಅದಾಗಿ ಹತ್ತು ದಿನಕ್ಕೆ ಬೀನ್ಸ್ ತುಂಬ್ಕೊಂಡು ಕಲಾಸಿಪಾಳ್ಯಕ್ಕೆ ಹೊರಟಿದ್ದೆ. ಬೆಳಗಿನ ಜಾವ ಮೂರು ಗಂಟೆ. ಜಾಲಹಳ್ಳಿ ಕ್ರಾಸ್ ಹತ್ರ ಕೆಂಪು ಆಯಿಲ್ ಲೈಟ್ ಹತ್ತಿತು. ಆಫ್ ಮಾಡಿ ಪಕ್ಕಕ್ಕೆ ಹಾಕ್ದೆ. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದ್ರೆ ಲೈಟ್ ಇಲ್ಲ. ಒಂದು ಕಿಲೋಮೀಟರ್ ಹೋದ್ರೆ ಮತ್ತೆ ಹತ್ತಿತು. ಜೊತೇಲಿ ಬಂದಿದ್ದ ಇನ್ನೊಬ್ಬ ಗಾಡಿಯವನು "ಸೆನ್ಸಾರ್ ಹೋಗಿರುತ್ತೆ, ವೈರ್ ಕಿತ್ತಾಕು, ನಡಿ" ಅಂದ. ನಿಜ ಹೇಳ್ತೀನಿ, ಕೈ ಹೋಗಿತ್ತು ವೈರಿಗೆ. ಬೀನ್ಸ್ ಬಾಡುತ್ತೆ, ಮಾರ್ಕೆಟ್ ಟೈಮ್ ಮೀರುತ್ತೆ. ಆದ್ರೂ ಮನಸ್ಸು ತಡೀತು. ಲೋಡ್ ಬೇರೆ ಗಾಡಿಗೆ ಬದಲಾಯಿಸಿ, ನಮ್ಮದನ್ನ ಎಳೆಸ್ಕೊಂಡು ಬಂದೆ.

ಬಂದವನೇ ಟೀ ಅಂಗಡಿ ಮುಂದೆ ಹತ್ತು ಜನರ ಎದುರಿಗೆ ಆ ಹುಡುಗನಿಗೆ ಬಾಯಿಗೆ ಬಂದಂಗೆ ಬೈದೆ. ಅಷ್ಟು ದುಡ್ಡು ಇಸ್ಕೊಂಡು ಬೇರಿಂಗ್ ಸರಿಯಾಗಿ ಕೂರಿಸಿಲ್ಲ ಅಂದೆ. ಅವನು ಒಂದೇ ಮಾತು ಹೇಳಿದ್ದು: "ನೋಡೋಣ ಅಣ್ಣಾ, ಬಿಚ್ಚದೆ ಹೇಳೋಕಾಗಲ್ಲ." ಅಲ್ಲಿದ್ದ ಒಬ್ಬರು ಟಿಲ್ಲರ್ ಇಂಜಿನ್ ಕೆಲಸ ಅವನಿಗೆ ಕೊಡಬೇಕು ಅಂತಿದ್ದೋರು, ನನ್ನ ಮಾತು ಕೇಳಿ ಬೇರೆ ಕಡೆ ಕೊಟ್ರು.

ನಮ್ಮ ಪಕ್ಕದೂರಲ್ಲಿ ಎಚ್‌ಎಂಟಿಯಲ್ಲಿ ಫಿಟ್ಟರ್ ಆಗಿ ರಿಟೈರ್ ಆದ ಯಜಮಾನ್ರು ಒಬ್ಬರಿದ್ದಾರೆ. 1953ರಲ್ಲಿ ಜಾಲಹಳ್ಳೀಲಿ ಶುರುವಾದ ಆ ಕಾರ್ಖಾನೆ ನಮ್ಮ ಕಡೆ ಎಷ್ಟೋ ಮನೆಗೆ ಅನ್ನ ಹಾಕಿದೆ. ಅವರನ್ನ ಕರ್ಕೊಂಡು ಬಂದೆ. "ಬೈಯೋದು ಆಮೇಲೆ, ಮೊದಲು ಅಳತೆ ತಗಿ" ಅಂದ್ರು.

ಮೊದಲು ಡಿಪ್‌ಸ್ಟಿಕ್. ಲೆವೆಲ್ ಸರಿ ಇತ್ತು, ಡೀಸೆಲ್ ವಾಸನೆ ಇಲ್ಲ, ಆಯಿಲ್ ತೆಳ್ಳಗೂ ಆಗಿಲ್ಲ. ಆಮೇಲೆ ಲೈಟಿನ ಸ್ವಿಚ್ ಬಿಚ್ಚಿ ಅದೇ ತೂತಿಗೆ ಮುಳ್ಳಿನ ಗೇಜ್ ಹಾಕಿದ್ರು. ಇದು ಬಹಳ ಮುಖ್ಯ. ಸ್ವಿಚ್ ಸುಳ್ಳು ಹೇಳಬಹುದು, ಗೇಜ್ ಇಟ್ರೆ ಅನುಮಾನ ಇರಲ್ಲ. ತಣ್ಣಗಿದ್ದಾಗ ಸ್ಲೋನಲ್ಲಿ 3 ಕೆ.ಜಿ., ರೇಸ್ ಕೊಟ್ರೆ 4. ಅರ್ಧ ಗಂಟೆ ಓಡಿಸಿದ್ವಿ. ಆಗ ರೇಸ್ ಕೊಟ್ರೆ ಮುಳ್ಳು ಏರೋ ಬದಲು ನಡುಗ್ತಾ ಇಳೀತು, ಅರ್ಧ ಕೆ.ಜಿ.ಗೆ ಬಂತು. ತಕ್ಷಣ ಆಫ್ ಮಾಡಿಸಿದ್ರು.

"ನೋಡಪ್ಪಾ, ಬೇರಿಂಗ್ ಸಡಿಲ ಇದ್ರೆ ಬಿಸಿಯಾದಾಗ ಸ್ಲೋನಲ್ಲಿ ಬೀಳುತ್ತೆ, ರೇಸ್ ಕೊಟ್ರೆ ಏರುತ್ತೆ. ಇಲ್ಲಿ ಉಲ್ಟಾ. ಪಂಪಿಗೆ ಎಣ್ಣೆ ಸಿಗ್ತಾ ಇಲ್ಲ. ಬಾವಿ ಮೋಟಾರಿನ ಫುಟ್‌ವಾಲ್ವ್‌ಗೆ ಎಲೆ ಕಚ್ಕೊಂಡಂಗೆ. ಆಫ್ ಮಾಡಿದ್ರೆ ಎಲೆ ಕೆಳಗೆ ಬೀಳುತ್ತೆ, ಅದಕ್ಕೇ ಮತ್ತೆ ಸರಿ ಹೋಗುತ್ತೆ."

ಹುಡುಗ ಬಂದು ಸಂಪ್ ಇಳಿಸಿದ. ಸ್ಟ್ರೈನರ್ ಜಾಲರಿ ತುಂಬ ಶ್ಯಾವಿಗೆ ಥರ ಕೆಂಪು ಪೇಸ್ಟಿನ ಎಳೆ. ಅವನು ಹಾಕೋದು ಪ್ಯಾಕಿಂಗ್. ಕೆಂಪು ಪೇಸ್ಟ್ ಇಡೀ ಟ್ಯೂಬ್ ಹಿಂಡಿದ್ದು ನಾನು. ಹೊರಗೆ ಬಂದಿದ್ದನ್ನ ಒರೆಸಿದ್ದೆ, ಒಳಗೆ ಎಷ್ಟು ಹೋಗಿದೆ ಅಂತ ಯೋಚನೆ ಮಾಡಿರಲಿಲ್ಲ. ಅವನು ನನ್ನ ಮುಖ ಒಂದು ಸಲ ನೋಡ್ದ, ಏನೂ ಅನ್ನಲಿಲ್ಲ. ಜಾಲರಿ ತೊಳೀತಾ ಕೂತ.

ಆಮೇಲೆ ಒಂದು ಬಿಗ್‌ಎಂಡ್ ಕ್ಯಾಪ್ ಬಿಚ್ಚಿ ತೋರಿಸ್ದ. ಬೇರಿಂಗ್ ಮೇಲೆ ಸಣ್ಣ ಗೀರು, ಅಷ್ಟೇ. ಬೂದಿ ಬಣ್ಣ ಹಾಗೇ ಇದೆ, ಒಳಗಿನ ತಾಮ್ರ ಕಂಡಿಲ್ಲ. ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಇರೋದು ಹೆಚ್ಚುಕಮ್ಮಿ ಒಂದು ಪೇಪರ್ ಹಾಳೆಯಷ್ಟು ಜಾಗ, ಅದನ್ನ ಕಾಯೋದು ಆಯಿಲ್ ಒಂದೇ. ಅವತ್ತು ವೈರ್ ಕಿತ್ತು ಕಲಾಸಿಪಾಳ್ಯದವರೆಗೂ ಓಡಿಸಿದ್ದಿದ್ರೆ ಕ್ರ್ಯಾಂಕೇ ಹಿಡ್ಕೊಂಡಿರೋದು.

ಹೊಸ ಪ್ಯಾಕಿಂಗ್, ಹೊಸ ಫಿಲ್ಟರ್, ಹೊಸ ಆಯಿಲ್. ಇಂಜಿನ್ ಹತ್ತದ ಹಾಗೆ ಡೀಸೆಲ್ ಕಟ್ ಮಾಡಿ, ಗೇಜಲ್ಲಿ ಪ್ರೆಶರ್ ಬರೋವರೆಗೂ ಸೆಲ್ಫ್ ಹೊಡೆದು, ಆಮೇಲೆ ಸ್ಟಾರ್ಟ್ ಮಾಡ್ದ. ಒಂದು ಗಂಟೆ ಓಡಿಸಿದ್ರೂ ಮುಳ್ಳು ಇಳೀಲಿಲ್ಲ.

ನೆನಪಿಟ್ಕೊಳ್ಳಿ. ಲೈಟ್ ಹತ್ತಿದ್ರೆ ಮೊದಲು ಆಫ್ ಮಾಡಿ. ಲೆವೆಲ್ ನೋಡಿ, ಆಮೇಲೆ ಗೇಜ್ ಹಾಕ್ಸಿ. ತಣ್ಣಗೆ, ಬಿಸಿ, ಸ್ಲೋ, ರೇಸ್, ನಾಲ್ಕೂ ಬರ್ಕೊಳ್ಳಿ. ರಿಪೇರಿ ಆದ ಇಂಜಿನಲ್ಲಿ ಸಕ್ಷನ್ ಪೈಪಿನ ಓ-ರಿಂಗ್ ಬಿಟ್ಟಿರಬಹುದು, ರಿಲೀಫ್ ವಾಲ್ವಲ್ಲಿ ಕಸ ಸಿಕ್ಕಿರಬಹುದು, ಬೇರಿಂಗ್ ಸೈಜ್ ತಪ್ಪಿರಬಹುದು. ಅಳತೆ ಇಲ್ಲದೆ ಯಾರ ಮೇಲೂ ಹೇಳಬೇಡಿ. ಪೇಸ್ಟ್ ಹಾಕಲೇಬೇಕು ಅಂದ್ರೆ ತೆಳ್ಳಗೆ ಒಂದೇ ಎಳೆ.

ಆ ಹುಡುಗನನ್ನ ಅದೇ ಟೀ ಅಂಗಡಿಗೆ ಕರ್ಕೊಂಡು ಹೋಗಿ, ಇದ್ದೋರ ಎದುರಿಗೇ "ತಪ್ಪು ನಂದು, ಇವನದಲ್ಲ" ಅಂದೆ. ಟಿಲ್ಲರಿನವರ ಮನೆಗೂ ಹೋಗಿ ಹೇಳಿ ಬಂದೆ. ಆದ್ರೆ ಅವರ ಕೆಲಸ ಬೇರೆ ಕಡೆ ಆಗಲೇ ಶುರುವಾಗಿತ್ತು. ಅದೊಂದನ್ನ ವಾಪಸ್ ತರೋಕೆ ನನ್ನ ಕೈಲಿ ಆಗಲಿಲ್ಲ.